ಉಸಿರಿನ ಚಕ್ರವನ್ನು ಕಂಡ ಹಾನ್ಸ್ ಕ್ರೆಬ್ಸ್

ಒಲೆಯಲ್ಲಿ ಸೌದೆ ಉರಿದಾಗ ಜ್ವಾಲೆ ಏಳುತ್ತದೆ, ಹೊಗೆಯಾಡುತ್ತದೆ, ಹತ್ತಿರ ಕುಳಿತವರ ಮೈ ಕಾಯುತ್ತದೆ. ಮನುಷ್ಯನು ಉಂಡ ಅನ್ನವೂ ಅವನ ದೇಹದೊಳಗೆ ಉರಿಯುತ್ತದೆ. ಆದರೆ ಅಲ್ಲಿ ಜ್ವಾಲೆಯಿಲ್ಲ, ಹೊಗೆಯಿಲ್ಲ, ಸುಡುವ ಕಾವೂ ಇಲ್ಲ. ನೀರಿನಿಂದ ತುಂಬಿದ ಜೀವಕೋಶಗಳ ಒಳಗೆ, ಹದವಾದ ಬಿಸಿಯಲ್ಲಿ, ಸದ್ದಿಲ್ಲದೆ ಈ ಕಾರ್ಯ ಹಗಲಿರುಳೂ ನಡೆಯುತ್ತಿರುತ್ತದೆ. ಉಸಿರಾಟವೆಂಬುದು ನಿಧಾನವಾದ ಒಂದು ಬಗೆಯ ದಹನವೆಂದು ಫ್ರಾನ್ಸಿನ ವಿಜ್ಞಾನಿ ಲವಾಸಿಯೆ 18ನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದನು. ಆಹಾರವೂ ಆಮ್ಲಜನಕವೂ ದೇಹದ ಒಳಕ್ಕೆ ಹೋಗುತ್ತವೆ. ಇಂಗಾಲದ ಡೈಆಕ್ಸೈಡೂ ನೀರೂ ಹೊರಕ್ಕೆ ಬರುತ್ತವೆ. ಜೀವಿಗೆ ಬೇಕಾದ ಶಕ್ತಿ ದೊರೆಯುತ್ತದೆ. ದಾರಿಯ ಮೊದಲೂ ಕೊನೆಯೂ ಹೀಗೆ ತಿಳಿದಿದ್ದವು. ಆದರೆ ನಡುವೆ ನಡೆಯುವುದೇನು? ಅನ್ನವು ಯಾವ ಯಾವ ರೂಪಗಳನ್ನು ತಾಳುತ್ತ, ಯಾವ ಯಾವ ಮಜಲುಗಳನ್ನು ದಾಟುತ್ತ ಕೊನೆ ಮುಟ್ಟುತ್ತದೆ? ಸುಮಾರು 150 ವರ್ಷಗಳ ಕಾಲ ಕತ್ತಲಲ್ಲಿಯೇ ಉಳಿದಿದ್ದ ಈ ನಡುದಾರಿಗೆ ಬೆಳಕು ಹಿಡಿದವರಲ್ಲಿ ಅಗ್ರಗಣ್ಯರು ಹಾನ್ಸ್ ಅಡಾಲ್ಫ್ ಕ್ರೆಬ್ಸ್ ಅವರು.

ಕ್ರೆಬ್ಸರು 1900ನೆಯ ಇಸವಿ ಆಗಸ್ಟ್ 25ರಂದು ಜರ್ಮನಿಯ ಹಿಲ್ಡೆಸ್‌ಹೈಮ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಗೇಯೋರ್ಗ್ ಕ್ರೆಬ್ಸ್ ಕಿವಿ, ಮೂಗು, ಗಂಟಲುಗಳ ಶಸ್ತ್ರವೈದ್ಯರು, ತಾಯಿ ಆಲ್ಮಾ. ತಾವೂ ತಂದೆಯಂತೆ ವೈದ್ಯರಾಗಿ ಅದೇ ಊರಿನಲ್ಲಿ ನೆಲೆಸಬೇಕೆಂಬುದು ಬಾಲ್ಯದಲ್ಲಿ ಕ್ರೆಬ್ಸರ ಆಸೆಯಾಗಿತ್ತು. ಆದರೆ ಅವರ ಶಾಲಾ ವಿದ್ಯಾಭ್ಯಾಸ ಮುಗಿಯಲು ಇನ್ನೂ ಆರು ತಿಂಗಳುಗಳಿದ್ದಾಗಲೇ ಮೊದಲನೆಯ ಮಹಾಯುದ್ಧವು ಅವರನ್ನು ತನ್ನ ಕಡೆಗೆ ಎಳೆದುಕೊಂಡಿತು. 1918ರ ಸೆಪ್ಟೆಂಬರಿನಲ್ಲಿ ಅವರು ಸೈನ್ಯಕ್ಕೆ ಸೇರಬೇಕಾಯಿತು. ಹಾಗೆ ಹೊರಟ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ತುರ್ತು ಪರೀಕ್ಷೆಯಲ್ಲಿ ಅವರು ಹೆಚ್ಚಿನ ಅಂಕಗಳೊಡನೆ ತೇರ್ಗಡೆಯಾದರು. ಪರೀಕ್ಷಕರು ಮರುಕದಿಂದ ಕೈ ಸಡಿಲಿಸಿರಬಹುದೆಂಬ ಅನುಮಾನ ಮಾತ್ರ ಅವರ ಮನಸ್ಸಿನಲ್ಲಿ ಉಳಿಯಿತು. ಎರಡು ತಿಂಗಳಲ್ಲಿ ಯುದ್ಧ ಕೊನೆಗೊಂಡಿತು. ಸೈನ್ಯದಿಂದ ಅವರಿಗೆ ಬಿಡುಗಡೆಯಾಯಿತು.

ಅನಂತರ ಕ್ರೆಬ್ಸರು ಗಟಿಂಗೆನ್, ಫ್ರೈಬರ್ಗ್, ಮ್ಯೂನಿಕ್, ಬರ್ಲಿನ್ ನಗರಗಳಲ್ಲಿ ವೈದ್ಯಶಾಸ್ತ್ರದ ವ್ಯಾಸಂಗ ಮಾಡಿ, 1925ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿಯನ್ನು ಪಡೆದರು. ಅಷ್ಟು ಹೊತ್ತಿಗೆ ಅವರ ಮನಸ್ಸು ರೋಗಿಗಳ ಚಿಕಿತ್ಸೆಗಿಂತ ಹೆಚ್ಚಾಗಿ ದೇಹದೊಳಗಿನ ರಸಾಯನಕಾರ್ಯಗಳ ಕಡೆಗೆ ಒಲಿದಿತ್ತು. ಬರ್ಲಿನ್ನಿನ ಆಸ್ಪತ್ರೆಯೊಂದರ ವಿಭಾಗದಲ್ಲಿ ಒಂದು ವರ್ಷ ರಸಾಯನಶಾಸ್ತ್ರವನ್ನು ಕಲಿತ ಮೇಲೆ, 1926ರಲ್ಲಿ ಅವರಿಗೆ ಓಟೋ ವಾರ್ಬರ್ಗರ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು.

ವಾರ್ಬರ್ಗರು ಜೀವಕೋಶಗಳ ಉಸಿರಾಟವನ್ನು ಅಭ್ಯಸಿಸುತ್ತಿದ್ದ ಮಹಾವಿಜ್ಞಾನಿ. ಶಿಸ್ತಿನಲ್ಲಿ ಕಠಿಣರು. ವಾರಕ್ಕೆ ಆರು ದಿನ, ಬೆಳಗಿನ ಎಂಟರಿಂದ ಸಂಜೆಯ ಆರರವರೆಗೆ ಅಲ್ಲಿ ಪ್ರಯೋಗಗಳು ಎಡೆಬಿಡದೆ ಸಾಗುತ್ತಿದ್ದವು. ಪ್ರಾಣಿಯ ಅಂಗಾಂಶವನ್ನು ಕಾಗದದಂತೆ ತೆಳುವಾಗಿ ಹೆರೆದು, ತಕ್ಕ ದ್ರಾವಣದಲ್ಲಿ ಇರಿಸಿದರೆ, ಆ ತುಣುಕಿನಲ್ಲಿರುವ ಜೀವಕೋಶಗಳು ಕೆಲವು ಗಂಟೆಗಳ ಕಾಲ ಬದುಕಿದ್ದು ಉಸಿರಾಡುತ್ತಿರುತ್ತವೆ. ಅವನ್ನು ಸಣ್ಣ ಗಾಜಿನ ಬುದ್ದಲಿಯಲ್ಲಿಟ್ಟು, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಮೆಲ್ಲಗೆ ಅಲುಗಿಸುತ್ತಿರಬೇಕು. ಬುದ್ದಲಿಗೆ ಬಾಗಿದ ಗಾಜಿನ ಕೊಳವೆಯೊಂದು ಸೇರಿಕೊಂಡಿರುತ್ತದೆ. ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನು ಕ್ಷಾರವು ಹೀರಿಕೊಳ್ಳುತ್ತದೆ. ಕೋಶಗಳು ಆಮ್ಲಜನಕವನ್ನು ಬಳಸಿದಂತೆಲ್ಲ ಒಳಗಿನ ಒತ್ತಡ ತಗ್ಗಿ ಕೊಳವೆಯಲ್ಲಿನ ದ್ರವದ ಮಟ್ಟ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದರೆ ಕೋಶಗಳು ಉಸಿರಾಡಿದ ಪ್ರಮಾಣ ತಿಳಿಯುತ್ತದೆ. ಈ ವಿಧಾನವನ್ನು ಕ್ರೆಬ್ಸರು ನಾಲ್ಕು ವರ್ಷಗಳ ಕಾಲ ಶ್ರದ್ಧೆಯಿಂದ ಕಲಿತು ಕರಗತ ಮಾಡಿಕೊಂಡರು. ಆದರೂ ಸಂಶೋಧನೆಯನ್ನೇ ಜೀವನವೃತ್ತಿಯಾಗಿ ಹಿಡಿಯುವಂತೆ ಗುರುಗಳು ಅವರನ್ನು ಹುರಿದುಂಬಿಸಲಿಲ್ಲ. 1930ರಲ್ಲಿ ಅವರು ಆ ಪ್ರಯೋಗಶಾಲೆಯನ್ನು ಬಿಡಬೇಕಾಯಿತು. ಕೆಲವು ಕಾಲ ಆಲ್ಟೋನ ಪಟ್ಟಣದ ಆಸ್ಪತ್ರೆಯಲ್ಲಿ ದುಡಿದು, 1931ರಲ್ಲಿ ಫ್ರೈಬರ್ಗ್ ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ಸೇರಿದರು. ಅಲ್ಲಿ ಸುಮಾರು 40 ಮಂದಿ ರೋಗಿಗಳ ಆರೈಕೆ ಅವರ ಪಾಲಿಗೆ ಬಂದಿತು. ಉಳಿದ ಹೊತ್ತನ್ನು ಅವರು ಪ್ರಯೋಗಗಳಿಗೆ ಮೀಸಲಾಗಿಟ್ಟರು.

ಅವರು ಕೈಗೆತ್ತಿಕೊಂಡ ಪ್ರಶ್ನೆ ಇದು: ದೇಹದಲ್ಲಿ ಯೂರಿಯಾ ಹೇಗೆ ಉಂಟಾಗುತ್ತದೆ? ಬೇಳೆಕಾಳು, ಹಾಲು, ಮಾಂಸ ಮೊದಲಾದವುಗಳಲ್ಲಿರುವ ಸಸಾರಜನಕವು ಅರಗಿ ಒಡೆದಾಗ ಅಮೋನಿಯಾ ಉಂಟಾಗುತ್ತದೆ. ಅದು ವಿಷವಸ್ತು. ಯಕೃತ್ತು ಅದನ್ನು ನಿರಪಾಯಕಾರಿಯಾದ ಯೂರಿಯಾ ಆಗಿ ಮಾರ್ಪಡಿಸಿ ಹೊರಹಾಕಲು ಅನುವು ಮಾಡಿಕೊಡುತ್ತದೆ. ಇದನ್ನು ತಿಳಿಯಲು ಕ್ರೆಬ್ಸರೂ ಕುರ್ಟ್ ಹೆನ್ಸಲೈಟ್ ಎಂಬ ವೈದ್ಯಕೀಯ ವಿದ್ಯಾರ್ಥಿಯೂ ಯಕೃತ್ತಿನ ತೆಳುಹೆರೆಗಳಿಗೆ ಅಮೋನಿಯಾದೊಡನೆ ನಾನಾ ವಸ್ತುಗಳನ್ನು ಒಂದೊಂದಾಗಿ ಸೇರಿಸಿ ನೋಡುತ್ತ ಹೋದರು. ಆರ್ನಿಥಿನ್ ಎಂಬ ವಸ್ತುವನ್ನು ಸೇರಿಸಿದಾಗ ಯೂರಿಯಾ ಥಟ್ಟನೆ ಹೆಚ್ಚಿತು. ಅಚ್ಚರಿಯ ಸಂಗತಿ ಅದಲ್ಲ. ಸೇರಿಸಿದ ಆರ್ನಿಥಿನ್ ಅತ್ಯಲ್ಪವಾಗಿದ್ದರೂ ಯೂರಿಯಾ ಅದರ ಹಲವು ಪಟ್ಟು ಉಂಟಾಗುತ್ತಿತ್ತು. ಆರ್ನಿಥಿನ್ ಮಾತ್ರ ಮುಗಿದುಹೋಗುತ್ತಿರಲಿಲ್ಲ.

ಇದರ ಅರ್ಥವನ್ನು ಕ್ರೆಬ್ಸರು ಚೆನ್ನಾಗಿ ಯೋಚಿಸಿದರು. ಕಪಿಲೆಯ ತೊಗಲಚೀಲವು ಬಾವಿಗೆ ಇಳಿಯುತ್ತದೆ. ನೀರು ತುಂಬಿಕೊಂಡು ಮೇಲೆ ಬರುತ್ತದೆ. ನೀರನ್ನು ಕಾಲುವೆಗೆ ಸುರಿದು ಮತ್ತೆ ಬರಿದಾಗಿ ಬಾವಿಗೆ ಇಳಿಯುತ್ತದೆ. ಹೊಲವೆಲ್ಲ ನೆನೆದರೂ ಚೀಲ ಇದ್ದಂತೆಯೇ ಇರುತ್ತದೆ. ಆರ್ನಿಥಿನ್ನಿನ ಕೆಲಸವೂ ಅಂಥದೇ. ಅದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡುಗಳನ್ನು ತುಂಬಿಕೊಂಡು, ಹಂತಹಂತವಾಗಿ ಆರ್ಜಿನಿನ್ ಎಂಬ ರೂಪವನ್ನು ತಾಳುತ್ತದೆ. ಆರ್ಜಿನಿನ್ನನ್ನು ಆರ್ಜಿನೇಸ್ ಎಂಬ ಕಿಣ್ವವು ಸೀಳಿದಾಗ ಯೂರಿಯಾ ಹೊರಬೀಳುತ್ತದೆ. ಆರ್ನಿಥಿನ್ ಮೊದಲಿನಂತೆ ಮರಳಿ ದೊರೆಯುತ್ತದೆ. ಜೀವಕೋಶದಲ್ಲಿ ರಸಾಯನಕ್ರಿಯೆಗಳು ನೇರವಾದ ಗೆರೆಯಲ್ಲಿ ಮಾತ್ರವಲ್ಲದೆ ಚಕ್ರದ ರೂಪದಲ್ಲಿಯೂ ನಡೆಯಬಲ್ಲವು ಎಂಬ ಹೊಸ ವಿಚಾರ ಹೀಗೆ 1932ರಲ್ಲಿ ಬೆಳಕಿಗೆ ಬಂದಿತು. 32 ವರ್ಷದ ಈ ಯುವಕ ವೈದ್ಯರ ಹೆಸರು ಯೂರೋಪಿನ ವಿದ್ವತ್ ವಲಯಗಳಲ್ಲಿ ಹರಡಿತು.

ಕೀರ್ತಿ ಬಂದ ಬೆನ್ನಲ್ಲೇ ಸಂಕಟವೂ ಬಂದಿತು. 1933ರ ಜನವರಿಯಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ಹಿಡಿದನು. ಯೆಹೂದಿ ವಂಶದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕುವ ಕಾನೂನು ಏಪ್ರಿಲ್ 7ರಂದು ಜಾರಿಗೆ ಬಂದಿತು. ಕ್ರೆಬ್ಸರು ಯೆಹೂದಿ ವಂಶದಲ್ಲಿ ಹುಟ್ಟಿದವರು. ಕಾನೂನು ಬಂದ ಐದೇ ದಿನಗಳಲ್ಲಿ, ಏಪ್ರಿಲ್ 12ರಂದು, ವಿಶ್ವವಿದ್ಯಾನಿಲಯದ ಕೆಲಸದಿಂದ ಅವರನ್ನು ಬಿಡಿಸಲಾಯಿತು. ಅವರು ಮಾಡಿದ ತಪ್ಪು ಏನೂ ಇರಲಿಲ್ಲ. ವರ್ಷದ ಹಿಂದೆ ಅವರಿಂದಲೇ ವಿಶ್ವವಿದ್ಯಾನಿಲಯಕ್ಕೆ ದೊಡ್ಡ ಹೆಸರು ಬಂದಿತ್ತು. ಆದರೆ ಮನುಷ್ಯನ ಯೋಗ್ಯತೆಯನ್ನು ಅವನ ಕೆಲಸದಿಂದ ಅಳೆಯದೆ ಹುಟ್ಟಿನಿಂದ ಅಳೆಯುವ ನಾಡಿನಲ್ಲಿ ಇಂಥ ಸಾಧನೆಗೆ ಬೆಲೆಯಿರಲಿಲ್ಲ.

ಆಗ ಇಂಗ್ಲೆಂಡಿನಿಂದ ಸಹಾಯಹಸ್ತವೊಂದು ಚಾಚಿತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿದ್ದ ಸರ್ ಫ್ರೆಡರಿಕ್ ಗೌಲೆಂಡ್ ಹಾಪ್‌ಕಿನ್ಸರು ಕ್ರೆಬ್ಸರ ಕೆಲಸವನ್ನು ಮೆಚ್ಚಿಕೊಂಡಿದ್ದರು. ಅವರು ತಮ್ಮ ವಿಭಾಗಕ್ಕೆ ಬರುವಂತೆ ಆಹ್ವಾನ ನೀಡಿದರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವು ಹಣದ ನೆರವನ್ನು ಒದಗಿಸಿತು. ತಾವು ಬಳಸುತ್ತಿದ್ದ ಉಪಕರಣಗಳನ್ನು ಜೊತೆಯಲ್ಲಿ ಕೊಂಡೊಯ್ಯಲು ಕ್ರೆಬ್ಸರಿಗೆ ಅನುಮತಿ ದೊರೆತಿತ್ತು. 1933ರ ಜೂನ್ ತಿಂಗಳಲ್ಲಿ ಅವರು ಹುಟ್ಟಿದ ನಾಡನ್ನು ಬಿಟ್ಟು ಹೊರಟರು. ಅವರ ಬಳಿ ಐಶ್ವರ್ಯವಿರಲಿಲ್ಲ. ಕೆಲವು ಪುಸ್ತಕಗಳು, ಗಾಜಿನ ಉಪಕರಣಗಳು, ಗುರುವಿನಿಂದ ಕಲಿತ ವಿದ್ಯೆ, ಚಕ್ರವೆಂಬ ಒಂದು ಹೊಸ ಕಲ್ಪನೆ ಇವಿಷ್ಟೇ ಅವರ ಆಸ್ತಿಯಾಗಿದ್ದವು. ಎರಡು ವರ್ಷಗಳನ್ನು ಕೇಂಬ್ರಿಜ್‌ನಲ್ಲಿ ಕಳೆದು, 1935ರಲ್ಲಿ ಅವರು ಶೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಔಷಧವಿಜ್ಞಾನದ ಉಪನ್ಯಾಸಕರಾದರು. ಉಕ್ಕಿನ ಕಾರ್ಖಾನೆಗಳಿಗೆ ಹೆಸರಾದ ಆ ಊರಿನಲ್ಲಿಯೇ ಅವರ ಜೀವನದ ಮಹತ್ಕಾರ್ಯ ನಡೆಯಿತು.

ಅದನ್ನು ಅರಿಯಬೇಕಾದರೆ ಕಿಣ್ವಗಳ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಬೀಸುವ ಕಲ್ಲು ರಾಗಿಯನ್ನು ಹಿಟ್ಟು ಮಾಡುತ್ತದೆ, ತಾನು ಹಿಟ್ಟಾಗುವುದಿಲ್ಲ. ಅಂತೆಯೇ ಕಿಣ್ವವು ಒಂದು ವಸ್ತುವನ್ನು ಮತ್ತೊಂದಾಗಿ ಮಾರ್ಪಡಿಸುತ್ತದೆ. ಕ್ರಿಯೆ ಮುಗಿದಾಗ ತಾನು ಮೊದಲಿನಂತೆಯೇ ಉಳಿದಿರುತ್ತದೆ. ಬೆಂಕಿಯ ಕಾವಿಲ್ಲದೆ ದೇಹದಲ್ಲಿ ದಹನ ನಡೆಯುವುದು ಕಿಣ್ವಗಳ ದೆಸೆಯಿಂದಲೇ. ಕಿಣ್ವಗಳೆಲ್ಲ ಹೆಚ್ಚುಕಡಿಮೆ ಸಸಾರಜನಕಗಳೇ. ಒಂದೊಂದು ಕಿಣ್ವಕ್ಕೂ ತನ್ನದೇ ಆದ ಒಂದು ಕೆಲಸವಿರುತ್ತದೆ. ಬೀಗಕ್ಕೆ ಅದರ ಕೀಲಿಯೊಂದೇ ಹೊಂದುವಂತೆ ಕಿಣ್ವಕ್ಕೂ ತಕ್ಕ ವಸ್ತು ಮಾತ್ರ ಹೊಂದುತ್ತದೆ. ಈ ಹೋಲಿಕೆಯನ್ನು 1894ರಲ್ಲಿ ಮುಂದಿಟ್ಟವರು ಎಮಿಲ್ ಫಿಷರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು. ವಾರ್ಬರ್ಗರು ಈ ಫಿಷರರ ಶಿಷ್ಯರು.

ಕ್ರೆಬ್ಸರು ಶೆಫೀಲ್ಡ್‌ಗೆ ಬರುವ ವೇಳೆಗೆ ಉಸಿರಾಟದ ನಡುದಾರಿಯ ಕೆಲವು ತುಣುಕುಗಳು ಅಲ್ಲಲ್ಲಿ ಗೋಚರವಾಗಿದ್ದವು. ಹಂಗೆರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿಯವರು ಪಾರಿವಾಳದ ಎದೆಯ ಸ್ನಾಯುವನ್ನು ಪರೀಕ್ಷಿಸುತ್ತಿದ್ದರು. ಹಾರುವ ಹಕ್ಕಿಯ ಆ ಸ್ನಾಯು ಬಿರುಸಾಗಿ ಉಸಿರಾಡುತ್ತದೆ. ಅದನ್ನು ಅರೆದಿಟ್ಟರೆ ಉಸಿರಾಟ ಬರಬರುತ್ತ ಕುಗ್ಗುತ್ತದೆ. ಸಕ್ಸಿನಿಕ್, ಫ್ಯೂಮರಿಕ್, ಮ್ಯಾಲಿಕ್, ಆಕ್ಸಲೊಅಸಿಟಿಕ್ ಎಂಬ ನಾಲ್ಕು ಆಮ್ಲಗಳಲ್ಲಿ ಯಾವುದನ್ನಾದರೂ ತುಸು ಬೆರೆಸಿದರೆ ಅದು ಮತ್ತೆ ಚೇತರಿಸಿಕೊಳ್ಳುವುದನ್ನು ಅವರು ಕಂಡಿದ್ದರು. ಜರ್ಮನಿಯಲ್ಲಿ ಮಾರ್ಟಿಯಸ್ ಮತ್ತು ಕ್ನೂಪ್ ಎಂಬ ವಿಜ್ಞಾನಿಗಳು 1937ರ ಮೊದಲ ಭಾಗದಲ್ಲಿ ಮತ್ತೊಂದು ತುಣುಕನ್ನು ಹೊರಗೆಡಹಿದರು. ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲವು ಯಾವ ಯಾವ ಮೆಟ್ಟಿಲುಗಳಲ್ಲಿ ಒಡೆಯುತ್ತದೆಂಬುದನ್ನು ಅವರು ತೋರಿಸಿದರು. ಸಿಟ್ರಿಕ್ ಆಮ್ಲದಿಂದ ಹೊರಟ ದಾರಿ ಕೊನೆಗೆ ಸಕ್ಸಿನಿಕ್ ಆಮ್ಲವನ್ನು ಸೇರುತ್ತಿತ್ತು. ಅಲ್ಲಿಂದ ಆಕ್ಸಲೊಅಸಿಟಿಕ್ ಆಮ್ಲದವರೆಗೆ ದಾರಿ ಮೊದಲೇ ತಿಳಿದಿತ್ತು. ಆದರೆ ಇದು ದಾರಿಯೇ ಹೊರತು ಚಕ್ರವಲ್ಲ. ಅದರ ಎರಡು ತುದಿಗಳು ಕೂಡಿರಲಿಲ್ಲ.

ಕ್ರೆಬ್ಸರೂ ಅವರ ಶಿಷ್ಯ ವಿಲಿಯಂ ಆರ್ಥರ್ ಜಾನ್ಸನ್ನರೂ ಪಾರಿವಾಳದ ಸ್ನಾಯುವಿಗೆ ಸಿಟ್ರಿಕ್ ಆಮ್ಲವನ್ನು ಸ್ವಲ್ಪವೇ ಸೇರಿಸಿ ನೋಡಿದರು. ಆ ಆಮ್ಲವೆಲ್ಲ ಉರಿದುಹೋಗಲು ಎಷ್ಟು ಆಮ್ಲಜನಕ ಬೇಕೋ ಅದಕ್ಕಿಂತ ಬಹಳ ಹೆಚ್ಚು ಆಮ್ಲಜನಕ ವೆಚ್ಚವಾಯಿತು. ಎಂದರೆ ಸಿಟ್ರಿಕ್ ಆಮ್ಲವು ಇಲ್ಲಿ ಉರಿಯುವ ಸೌದೆ ಮಾತ್ರವಲ್ಲ. ಇತರ ಸೌದೆಯನ್ನು ಉರಿಸುವ ಸಾಧನವೂ ಹೌದು. ಐದು ವರ್ಷಗಳ ಹಿಂದೆ ಯಕೃತ್ತಿನಲ್ಲಿ ಆರ್ನಿಥಿನ್ ನಡೆದುಕೊಂಡ ರೀತಿ ಕ್ರೆಬ್ಸರ ನೆನಪಿಗೆ ಬಂದಿತು. ಇಲ್ಲಿಯೂ ಮರಳಿ ಮರಳಿ ಬರುವ ವಸ್ತುವೊಂದಿದೆಯೆಂದು ಅವರು ಊಹಿಸಿದರು.

ಊಹೆಯನ್ನು ಪರೀಕ್ಷೆಗೆ ಒಡ್ಡಲು ಅವರು ಮ್ಯಾಲೊನಿಕ್ ಆಮ್ಲವನ್ನು ಬಳಸಿದರು. ಅದು ರೂಪದಲ್ಲಿ ಸಕ್ಸಿನಿಕ್ ಆಮ್ಲವನ್ನು ಹೋಲುತ್ತದೆ. ಸಕ್ಸಿನಿಕ್ ಆಮ್ಲಕ್ಕಾಗಿ ಕಾದಿರುವ ಕಿಣ್ವವನ್ನು ಅದು, ಬೀಗದೊಳಗೆ ಹೊಕ್ಕರೂ ತಿರುಗದ ಕೀಲಿಯಂತೆ, ಕಟ್ಟಿಹಾಕುತ್ತದೆ. ಆಗ ಸಕ್ಸಿನಿಕ್ ಮತ್ತು ಫ್ಯೂಮರಿಕ್ ಆಮ್ಲಗಳ ನಡುವಣ ಬಾಗಿಲು ಎರಡು ಕಡೆಯಿಂದಲೂ ಮುಚ್ಚಿಹೋಗುತ್ತದೆ. ಹೀಗೆ ಬಾಗಿಲು ಮುಚ್ಚಿದ ಸ್ನಾಯುವಿಗೆ ಫ್ಯೂಮರಿಕ್ ಆಮ್ಲವನ್ನು ಕೊಟ್ಟರೆ ಸಕ್ಸಿನಿಕ್ ಆಮ್ಲ ಉಂಟಾಗಬಾರದು. ಆದರೆ ಆಮ್ಲಜನಕವಿರುವಲ್ಲಿ ಅದು ಉಂಟಾಗಿ ರಾಶಿಗೂಡಿತು. ಮುಂಬಾಗಿಲು ಮುಚ್ಚಿದ್ದರೂ ಮನೆಯೊಳಗೆ ಜನ ಬಂದಿದ್ದಾರೆಂದರೆ ಹಿತ್ತಿಲ ಕಡೆಯಿಂದ ಸುತ್ತಿ ಬಂದಿರಬೇಕಷ್ಟೆ. ಫ್ಯೂಮರಿಕ್ ಆಮ್ಲವು ಆಕ್ಸಲೊಅಸಿಟಿಕ್ ಆಮ್ಲವಾಗಿ, ಸಿಟ್ರಿಕ್ ಆಮ್ಲವಾಗಿ, ಪೂರ್ತಿ ಒಂದು ಸುತ್ತು ಹಾಕಿ ಸಕ್ಸಿನಿಕ್ ಆಮ್ಲವನ್ನು ಮುಟ್ಟಿತ್ತು. ಆಕ್ಸಲೊಅಸಿಟಿಕ್ ಆಮ್ಲದಿಂದ ಸಿಟ್ರಿಕ್ ಆಮ್ಲ ಉಂಟಾಗುವುದನ್ನೂ ಅವರು ಸ್ನಾಯುವಿನಲ್ಲಿ ನೇರವಾಗಿ ಕಂಡರು. ತುದಿಗಳು ಕೂಡಿದವು, ದಾರಿ ಚಕ್ರವಾಯಿತು.

ಈ ಶೋಧವನ್ನು ಕ್ರೆಬ್ಸರು ಒಂದು ಕಿರುಬರಹವಾಗಿ 1937ರ ಜೂನ್ 10ರಂದು ನೇಚರ್ ಎಂಬ ಪ್ರಸಿದ್ಧ ಪತ್ರಿಕೆಗೆ ಕಳುಹಿಸಿದರು. ನಾಲ್ಕೇ ದಿನಗಳಲ್ಲಿ ಬರಹ ಹಿಂದಿರುಗಿತು. ಏಳೆಂಟು ವಾರಗಳಿಗೆ ಸಾಕಾಗುವಷ್ಟು ಬರಹಗಳು ಆಗಲೇ ತಮ್ಮಲ್ಲಿ ಕೂಡಿವೆಯೆಂದೂ, ತಡವಾದರೆ ಅಡ್ಡಿಯಿಲ್ಲವೆನ್ನುವುದಾದರೆ ಇರಿಸಿಕೊಳ್ಳಬಹುದೆಂದೂ, ಬೇಗ ಅಚ್ಚಾಗಬೇಕಾದರೆ ಬೇರೆ ಪತ್ರಿಕೆಗೆ ಕಳುಹಿಸಬಹುದೆಂದೂ ಸಂಪಾದಕರು ತಿಳಿಸಿದ್ದರು. ಆ ಮೊದಲು 50ಕ್ಕೂ ಹೆಚ್ಚು ಲೇಖನಗಳನ್ನು ಪ್ರಕಟಿಸಿದ್ದ ಕ್ರೆಬ್ಸರಿಗೆ ಇಂಥ ಅನುಭವ ಅದೇ ಮೊದಲು. ಅವರು ಎದೆಗುಂದಲಿಲ್ಲ, ಯಾರನ್ನೂ ದೂರಲಿಲ್ಲ. ಲೇಖನವನ್ನು ವಿಸ್ತರಿಸಿ ಹಾಲೆಂಡಿನ ಎನ್ಜೈಮೊಲೊಜಿಯಾ ಎಂಬ ಪತ್ರಿಕೆಗೆ ಕಳುಹಿಸಿದರು. ಎರಡು ತಿಂಗಳೊಳಗೆ ಅದು ಅಚ್ಚಾಯಿತು. ಜೀವವಿಜ್ಞಾನದ ಅತಿ ಮುಖ್ಯವಾದ ಶೋಧಗಳಲ್ಲಿ ಒಂದು ಹೀಗೆ ಒಂದು ಬಾಗಿಲಲ್ಲಿ ನಿಂತು ಹಿಂದಿರುಗಿ ಮತ್ತೊಂದು ಬಾಗಿಲಿನಿಂದ ಲೋಕವನ್ನು ಪ್ರವೇಶಿಸಿತು.

ಆಹಾರದಿಂದ ಬಂದು ಈ ಚಕ್ರದೊಳಕ್ಕೆ ಕಾಲಿಡುವ ತುಣುಕು ನಿಖರವಾಗಿ ಯಾವುದೆಂಬುದು ಆಗಿನ್ನೂ ತಿಳಿದಿರಲಿಲ್ಲ. ಜರ್ಮನಿಯಿಂದಲೇ ಹೊರಟು ಅಮೆರಿಕವನ್ನು ಸೇರಿದ್ದ ಫ್ರಿಟ್ಸ್ ಲಿಪ್‌ಮನ್ನರು 1940ರ ದಶಕದಲ್ಲಿ ಕೋಎನ್ಜೈಮ್ ಎ ಎಂಬ ವಸ್ತುವನ್ನು ಕಂಡುಹಿಡಿದರು. 1951ರಲ್ಲಿ ಫಿಯೋಡರ್ ಲೀನೆನ್ನರು ಆ ವಸ್ತುವು ಹೊತ್ತು ತರುವ ತುಣುಕನ್ನು ಗುರುತಿಸಿದರು. ಅದು ಎರಡು ಇಂಗಾಲಗಳ ಅಸಿಟೈಲ್. ಸಕ್ಕರೆಯಾಗಲಿ ಕೊಬ್ಬಾಗಲಿ ಒಡೆದು ಕಿರಿದಾಗುತ್ತ ಬಂದು, ಬಹುಮಟ್ಟಿಗೆ ಈ ರೂಪದಲ್ಲಿಯೇ ಚಕ್ರದ ಹೊಸ್ತಿಲನ್ನು ತಲಪುತ್ತದೆ.

ಮತ್ತೊಂದು ಸಂದೇಹವೂ ಕೆಲವು ಕಾಲ ವಿಜ್ಞಾನಿಗಳನ್ನು ಕಾಡಿತು. ಸಿಟ್ರಿಕ್ ಆಮ್ಲದ ಅಣುವಿನ ಎರಡು ಕೊನೆಗಳು ಒಂದೇ ಬಗೆ. ಆದುದರಿಂದ ಒಂದು ಕೊನೆಗೆ ಹಾಕಿದ ಗುರುತು ಮುಂದೆ ಎರಡರಲ್ಲಿಯೂ ಹಂಚಿಹೋಗಬೇಕಾಗಿತ್ತು. ಆದರೆ ಪ್ರಯೋಗದಲ್ಲಿ ಒಂದೇ ಕಡೆ ಉಳಿಯಿತು. ಹಾಗಾದರೆ ಸಿಟ್ರಿಕ್ ಆಮ್ಲ ಚಕ್ರದಲ್ಲಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. 1948ರಲ್ಲಿ ಆಕ್ಸ್‌ಫರ್ಡಿನ ಆಲೆಕ್ಸಾಂಡರ್ ಆಗ್‌ಸ್ಟನ್ನರು ಇದನ್ನು ಬಗೆಹರಿಸಿದರು. ಕಿಣ್ವವು ಅಣುವನ್ನು ಮೂರು ಕಡೆಗಳಲ್ಲಿ ಹಿಡಿದುಕೊಂಡರೆ, ನಮಗೆ ಒಂದೇ ಆಗಿ ಕಾಣುವ ಎರಡು ಕೊನೆಗಳು ಅದಕ್ಕೆ ಬೇರೆ ಬೇರೆಯಾಗಿಯೇ ತೋರುತ್ತವೆ. ಬಲಗಾಲಿನ ಕೆರ ಎಡಗಾಲಿಗೆ ಹೊಂದದಷ್ಟೆ! ಹೀಗೆ ಕಿಣ್ವಗಳ ಸೂಕ್ಷ್ಮ ವಿವೇಚನೆಯೂ ವಿಜ್ಞಾನಿಗಳಿಗೆ ಮನದಟ್ಟಾಯಿತು; ಚಕ್ರದ ಸತ್ಯವೂ ಗಟ್ಟಿಯಾಗಿ ನಿಂತಿತು.

ಇಂದು ಈ ಚಕ್ರದ ಪೂರ್ಣ ಚಿತ್ರ ದೊರೆತಿದೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕೋಣೆಗಳಲ್ಲಿ ಎಂಟು ಕಿಣ್ವಗಳು ಸರದಿಯಂತೆ ದುಡಿಯುತ್ತವೆ. ಮೊದಲನೆಯದಾದ ಸಿಟ್ರೇಟ್ ಸಿಂಥೇಸ್ ನಾಲ್ಕು ಇಂಗಾಲಗಳ ಆಕ್ಸಲೊಅಸಿಟಿಕ್ ಆಮ್ಲಕ್ಕೆ ಎರಡು ಇಂಗಾಲಗಳ ತುಣುಕನ್ನು ಕೂಡಿಸಿ ಆರು ಇಂಗಾಲಗಳ ಸಿಟ್ರಿಕ್ ಆಮ್ಲವನ್ನು ಮಾಡುತ್ತದೆ. ಅಕೋನಿಟೇಸ್ ಅದರ ಒಳಗಿನ ಜೋಡಣೆಯನ್ನು ತುಸು ಬದಲಿಸುತ್ತದೆ. ಮುಂದಿನ ಎರಡು ಕಿಣ್ವಗಳು ಒಂದೊಂದು ಇಂಗಾಲವನ್ನು ಡೈಆಕ್ಸೈಡಾಗಿ ಬಿಡಿಸುತ್ತವೆ; ನಾವು ಹೊರಬಿಡುವ ಉಸಿರಿನಲ್ಲಿರುವುದು ಬಹುಪಾಲು ಹೀಗೆ ಬಿಡುಗಡೆಯಾದ ಇಂಗಾಲವೇ. ಮತ್ತೆ ನಾಲ್ಕು ಇಂಗಾಲಗಳಿಗೆ ಇಳಿದ ವಸ್ತುವನ್ನು ಐದನೆಯ ಕಿಣ್ವವು ಸಕ್ಸಿನಿಕ್ ಆಮ್ಲವಾಗಿಸುತ್ತದೆ. ಸಕ್ಸಿನೇಟ್ ಡಿಹೈಡ್ರೊಜಿನೇಸ್, ಫ್ಯೂಮರೇಸ್, ಮ್ಯಾಲೇಟ್ ಡಿಹೈಡ್ರೊಜಿನೇಸ್ ಎಂಬ ಉಳಿದ ಮೂರು ಅದನ್ನು ಮರಳಿ ಆಕ್ಸಲೊಅಸಿಟಿಕ್ ಆಮ್ಲದ ರೂಪಕ್ಕೆ ತರುತ್ತವೆ. ತೊಗಲಚೀಲ ಮತ್ತೆ ಬಾವಿಗೆ ಇಳಿಯಲು ಸಿದ್ಧವಾಗುತ್ತದೆ. ಒಂದು ಸುತ್ತಿನಲ್ಲಿ ನಾಲ್ಕು ಜೊತೆ ಜಲಜನಕಗಳು ಹೊರತೆಗೆಯಲ್ಪಟ್ಟು, ಕೊನೆಗೆ ಆಮ್ಲಜನಕವನ್ನು ಕೂಡಿ ನೀರಾಗುತ್ತವೆ. ಆ ಹಾದಿಯಲ್ಲಿ ದೊರೆತ ಶಕ್ತಿಯಿಂದಲೇ ಹೃದಯ ಮಿಡಿಯುತ್ತದೆ, ಕೈಕಾಲು ಆಡುತ್ತವೆ, ಮಿದುಳು ಯೋಚಿಸುತ್ತದೆ. ಪಾರಿವಾಳ, ಹಸು, ಮಾವಿನ ಮರ, ಮನುಷ್ಯ ಎಲ್ಲರಲ್ಲಿಯೂ ತಿರುಗುವುದು ಇದೇ ಚಕ್ರ. ಹುಟ್ಟಿನಿಂದ ಜನರನ್ನು ಮೇಲುಕೀಳೆಂದು ವಿಂಗಡಿಸಿದವರ ಕೋಶಗಳಲ್ಲಿಯೂ, ಅವರಿಂದ ಹೊರದೂಡಲ್ಪಟ್ಟವರ ಕೋಶಗಳಲ್ಲಿಯೂ ಅದು ಒಂದೇ ರೀತಿಯಲ್ಲಿ ತಿರುಗುತ್ತಿತ್ತು.

ಆಶ್ರಯವಿತ್ತ ನಾಡನ್ನು ಕ್ರೆಬ್ಸರು ತಮ್ಮದಾಗಿಸಿಕೊಂಡರು. 1938ರಲ್ಲಿ ಅವರು ಶಿಕ್ಷಕಿಯಾಗಿದ್ದ ಮಾರ್ಗರೆಟ್ ಫೀಲ್ಡ್‌ಹೌಸ್ ಅವರನ್ನು ವಿವಾಹವಾದರು. ಮೂವರು ಮಕ್ಕಳನ್ನು ಪಡೆದರು. 1939ರಲ್ಲಿ ಬ್ರಿಟನ್ನಿನ ಪೌರತ್ವ ದೊರೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಅಭಾವ ತಲೆದೋರಿದಾಗ, ಮನುಷ್ಯನಿಗೆ ಎ ಮತ್ತು ಸಿ ಜೀವಸತ್ವಗಳು ಕನಿಷ್ಠ ಎಷ್ಟು ಬೇಕೆಂಬ ಪ್ರಯೋಗಗಳಲ್ಲಿ ಅವರು ತೊಡಗಿದರು. ಕೊಲ್ಲುವುದು ತಪ್ಪೆಂಬ ನಂಬಿಕೆಯಿಂದ ಯುದ್ಧಕ್ಕೆ ಹೋಗಲೊಪ್ಪದ ಸ್ವಯಂಸೇವಕರು ಅವಕ್ಕೆ ತಮ್ಮ ದೇಹಗಳನ್ನೇ ಒಡ್ಡಿದರು. ದಿನಕ್ಕೆ 10 ಮಿಲಿಗ್ರಾಂನಷ್ಟು ಸಿ ಜೀವಸತ್ವ ಸ್ಕರ್ವಿ ರೋಗವನ್ನು ತಡೆಯಬಲ್ಲುದೆಂದು ಇದರಿಂದ ತಿಳಿದುಬಂದಿತು. 1945ರಲ್ಲಿ ಕ್ರೆಬ್ಸರು ಶೆಫೀಲ್ಡ್‌ನಲ್ಲಿ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕರಾದರು. 1947ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1953ರಲ್ಲಿ ಲಿಪ್‌ಮನ್ನರೊಡನೆ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಜರ್ಮನಿಯಲ್ಲಿ ಬಾಳಲಾಗದೆ ಹೊರಟ ಇಬ್ಬರು ಹೀಗೆ ಒಂದೇ ವೇದಿಕೆಯಲ್ಲಿ ಜಗತ್ತಿನ ಗೌರವವನ್ನು ಸ್ವೀಕರಿಸಿದರು.

1954ರಲ್ಲಿ ಕ್ರೆಬ್ಸರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡರು. 1957ರಲ್ಲಿ ಹಾನ್ಸ್ ಕಾರ್ನ್‌ಬರ್ಗರೊಡನೆ ಮೂರನೆಯ ಚಕ್ರವೊಂದನ್ನು ಕಂಡುಕೊಂಡರು. ಹರಳುಬೀಜ ಮೊಳೆಯುವಾಗ ತನ್ನಲ್ಲಿರುವ ಎಣ್ಣೆಯಿಂದ ಸಕ್ಕರೆಯನ್ನು ಮಾಡಿಕೊಳ್ಳುವುದು ಈ ಚಕ್ರದ ನೆರವಿನಿಂದಲೇ. ಈ ಕಾರ್ನ್‌ಬರ್ಗರೂ ಬಾಲ್ಯದಲ್ಲಿಯೇ ಜರ್ಮನಿಯನ್ನು ಬಿಟ್ಟು ಬಂದವರು. ಶಾಲೆ ಮುಗಿಸಿದೊಡನೆ ಕ್ರೆಬ್ಸರ ಪ್ರಯೋಗಶಾಲೆಯಲ್ಲಿ ಕಿರಿಯ ಸಹಾಯಕರಾಗಿ ಸೇರಿ, ಅವರ ಉತ್ತೇಜನದಿಂದ ಓದು ಮುಂದುವರಿಸಿ, ವಿಜ್ಞಾನಿಯಾಗಿ ಬೆಳೆದವರು. 1958ರಲ್ಲಿ ಕ್ರೆಬ್ಸರಿಗೆ ಸರ್ ಪದವಿ ಬಂದಿತು. ಅವರನ್ನು ಹೊರಗೆ ಹಾಕಿದ್ದ ಫ್ರೈಬರ್ಗ್ ವಿಶ್ವವಿದ್ಯಾನಿಲಯವೂ ಯುದ್ಧಾನಂತರದ ದಿನಗಳಲ್ಲಿ ಗೌರವ ಪದವಿಯನ್ನು ನೀಡಿ ಅವರನ್ನು ಸನ್ಮಾನಿಸಿತು.

ಇಷ್ಟು ಮನ್ನಣೆ ಬಂದರೂ ಕ್ರೆಬ್ಸರು ಅದನ್ನು ತಮ್ಮೊಬ್ಬರದೇ ಗಳಿಕೆಯೆಂದು ಭಾವಿಸಲಿಲ್ಲ. ವಿಜ್ಞಾನಿಯು ರೂಪುಗೊಳ್ಳುವ ಬಗೆಯನ್ನು ಕುರಿತು 1967ರಲ್ಲಿ ಬರೆದ ಲೇಖನದಲ್ಲಿ ಅವರು ತಮ್ಮ ಗುರುಪರಂಪರೆಯನ್ನು ಬಿಡಿಸಿಟ್ಟರು. ತಮ್ಮ ಗುರು ವಾರ್ಬರ್ಗ್, ವಾರ್ಬರ್ಗರ ಗುರು ಫಿಷರ್, ಫಿಷರರ ಗುರು ಬೇಯರ್ ಹೀಗೆ ಹಿಂದಕ್ಕೆ ಹಿಂದಕ್ಕೆ ನಡೆದು, ಒಳ್ಳೆಯ ಗುರುವಿನ ಸಹವಾಸದಲ್ಲಿ ದುಡಿಯುವುದೇ ದೊಡ್ಡ ಭಾಗ್ಯವೆಂಬುದನ್ನು ತೋರಿಸಿಕೊಟ್ಟರು. ತಮ್ಮನ್ನು ಹುರಿದುಂಬಿಸದಿದ್ದ ವಾರ್ಬರ್ಗರನ್ನೂ ಕೃತಜ್ಞತೆಯಿಂದಲೇ ನೆನೆದರು. ಅದೇ ವರ್ಷ ನಿವೃತ್ತರಾದ ಮೇಲೂ ಅವರು ವಿಶ್ರಾಂತಿಯನ್ನು ಬಯಸಲಿಲ್ಲ. ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. 1981ರ ನವೆಂಬರ್ 22ರಂದು, ತಮ್ಮ 81ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಕ್ರೆಬ್ಸರ ನೊಬೆಲ್ ಪದಕವನ್ನು 2015ರಲ್ಲಿ ಅವರ ಕುಟುಂಬದವರು ಹರಾಜಿನಲ್ಲಿ ಮಾರಿದರು. ಬಂದ ಹಣವು ಕ್ರೆಬ್ಸರ ಹೆಸರಿನ ನಿಧಿಯನ್ನು ಸೇರಿತು. ವೈದ್ಯವಿಜ್ಞಾನದ ಎಳೆಯ ಸಂಶೋಧಕರಿಗೂ, ತಾಯ್ನಾಡನ್ನು ಬಿಟ್ಟು ಓಡಿಬರಬೇಕಾದ ವಿಜ್ಞಾನಿಗಳಿಗೂ ನೆರವಾಗುವುದು ಆ ನಿಧಿಯ ಉದ್ದೇಶ. 1933ರಲ್ಲಿ ನೆಲೆಗೆಟ್ಟ ಯುವಕನೊಬ್ಬನಿಗೆ ದೊರೆತ ಆಸರೆ ಹೀಗೆ 80 ವರ್ಷಗಳ ಮೇಲೆ ಇತರರಿಗೆ ಆಸರೆಯಾಗಿ ಮರಳಿತು. ಪಡೆದುದನ್ನು ಮುಂದಿನವರ ಕೈಗೆ ದಾಟಿಸಿ, ಮತ್ತೆ ದುಡಿಮೆಗೆ ಸಿದ್ಧವಾಗುವುದು ಜೀವಕೋಶದ ಧರ್ಮ. ಕ್ರೆಬ್ಸರು ಆ ಧರ್ಮವನ್ನು ಪ್ರಯೋಗಶಾಲೆಯಲ್ಲಿ ಕಂಡರು. ಬಾಳಿನಲ್ಲಿಯೂ ಅದರಂತೆಯೇ ನಡೆದರು.